ಎಸ್ಸೆಸ್ಸೆಲ್ಸಿಯಲ್ಲಿ 584 ತೆಗೆದ ಹುಡುಗಿಗೆ ಫಸ್ಟ್ ಪಿಯುಸಿ ಏಕೆ ಕಬ್ಬಿಣದ ಕಡಲೆ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಮಗಳು ಒಂದರಿಂದ ಹತ್ತರವರೆಗೆ ಓದಿದ್ದು ಊರಿನ ಕನ್ನಡ ಮಾಧ್ಯಮದ ಶಾಲೆಯಲ್ಲೇ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 584 ಬಂತು. ಕನ್ನಡ 124, ಇಂಗ್ಲಿಷ್ 96, ಹಿಂದಿ 98, ಗಣಿತ 84, ವಿಜ್ಞಾನ 85, ಸಮಾಜ ವಿಜ್ಞಾನ 97. ಅವಳ ಇಷ್ಟದಂತೆ ತಾಲ್ಲೂಕಿನ ಕಾಲೇಜಿನಲ್ಲಿ ಪಿಸಿಎಂಬಿ ಕೊಡಿಸಿದೆವು. ಆಗಸ್ಟ್ ಕಿರುಪರೀಕ್ಷೆಯಲ್ಲಿ 40ಕ್ಕೆ ಫಿಸಿಕ್ಸ್ 10, ಕೆಮಿಸ್ಟ್ರಿ 13, ಮ್ಯಾಥ್ಸ್ 8, ಬಯಾಲಜಿ 22. ಬೆಳಿಗ್ಗೆ 7.15ಕ್ಕೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆ 6.15ಕ್ಕೆ. ರಾತ್ರಿ 12ರವರೆಗೆ ಓದುತ್ತಾಳೆ, ಆದರೂ ಹೀಗೆ. ‘ಕನ್ನಡ ಮೀಡಿಯಂ ಹುಡುಗರಿಗೆ ಸೈನ್ಸ್ ಆಗಿಬರುವುದಿಲ್ಲ, ಆರ್ಟ್ಸ್‌ಗೆ ಹಾಕು’ ಎನ್ನುತ್ತಾರೆ ಬಂಧುಗಳು. ಟ್ಯೂಷನ್ ಹಾಕಬೇಕೆ, ವಿಭಾಗ ಬದಲಿಸಬೇಕೆ? ಹತ್ತನೇ ತರಗತಿಯ ಅಂಕಗಳಿಗೆ ಅರ್ಥವೇ ಇರಲಿಲ್ಲವೆ? ಚಿಕ್ಕ ಮಗ ಈಗ ಏಳನೆಯಲ್ಲಿದ್ದಾನೆ. ಅವನಿಗೂ ಮುಂದೆ ಹೀಗೇ ಆಗುತ್ತದೆಯೆ?

ಉತ್ತರ: ತುರ್ತಿನ ವಿಷಯ ಮೊದಲು. ಈ ವಾರ ಏನನ್ನೂ ಬದಲಿಸಬೇಡಿ, ಯಾವ ಟ್ಯೂಷನ್ನಿಗೂ ಮುಂಗಡ ಕಟ್ಟಬೇಡಿ. ವಿಭಾಗ ಅಥವಾ ಕಾಂಬಿನೇಷನ್ ಬದಲಿಸಲು ಈ ವರ್ಷ ಕೊನೆಯ ದಿನ ಯಾವುದು ಎಂದು ನಾಳೆಯೇ ಕಾಲೇಜಿನ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ನಿರ್ಧಾರ ಆ ದಿನದೊಳಗೆ ಆಗಬೇಕು, ಬಂಧುಗಳ ಒತ್ತಾಯಕ್ಕೆ ಅಲ್ಲ.

ಇನ್ನು ಅಂಕಪಟ್ಟಿ. 584 ಸುಳ್ಳಲ್ಲ. ಆದರೆ ಅದು ಬೇರೆ ಪ್ರಶ್ನೆಗೆ ಸಿಕ್ಕ ಉತ್ತರ. 625ರಲ್ಲಿ ಮೂರು ಭಾಷೆಗಳ ಪಾಲೇ 325, ಅಂದರೆ ಅರ್ಧಕ್ಕಿಂತ ಹೆಚ್ಚು. ಗಣಿತ, ವಿಜ್ಞಾನ ಎರಡೂ ಸೇರಿ 200. ಪಿಯುಸಿ ಸೈನ್ಸ್‌ನಲ್ಲಿ 600ಕ್ಕೆ 400 ಅಂಕ ಈ ಎರಡರ ಮಕ್ಕಳಾದ ನಾಲ್ಕು ವಿಷಯಗಳಿಗೇ ಹೋಗುತ್ತದೆ. ಮಗಳು ಒಟ್ಟು ಕಳೆದುಕೊಂಡದ್ದು 41 ಅಂಕ. ಅದರಲ್ಲಿ ಭಾಷೆಗಳಲ್ಲಿ 7, ಸಮಾಜದಲ್ಲಿ 3, ಉಳಿದ 31 ಗಣಿತ ಮತ್ತು ವಿಜ್ಞಾನದಲ್ಲಿ. ಅದರೊಳಗೂ ಒಂದು ಪದರ ಇದೆ. ಗಣಿತ, ವಿಜ್ಞಾನ ಒಂದೊಂದಕ್ಕೂ 20 ಆಂತರಿಕ ಅಂಕ. ಶಾಲೆಗಳು ಸಾಮಾನ್ಯವಾಗಿ ಅದನ್ನು ಕೈತುಂಬ ಕೊಡುತ್ತವೆ. ಪೂರ್ತಿ ಕೊಟ್ಟಿದ್ದರು ಎಂದುಕೊಂಡರೆ, ಬರೆದು ಗಳಿಸಿದ್ದು ಗಣಿತದಲ್ಲಿ 80ಕ್ಕೆ 64, ವಿಜ್ಞಾನದಲ್ಲಿ 65. ಇದು ಒಳ್ಳೆಯ ಅಂಕವೇ. ಆದರೆ ಶೇ 93ರ ಹುಡುಗಿ ಎಂಬ ಎಣಿಕೆಯಲ್ಲಿ ನೀವಿದ್ದಿರಿ, ಈ ನಾಲ್ಕು ವಿಷಯಗಳ ಮಟ್ಟಿಗೆ ಅವಳು ಹೊರಟದ್ದು ಶೇ 80ರಿಂದ. ಬಿದ್ದ ಎತ್ತರ ನೀವು ಅಂದುಕೊಂಡಷ್ಟಿಲ್ಲ.

ಹತ್ತನೇ ತರಗತಿ ನಡೆಯುವ ರೀತಿಯೂ ಲೆಕ್ಕಕ್ಕೆ ಬರಬೇಕು. ಪ್ರಶ್ನೆಪತ್ರಿಕೆಯ ನೀಲನಕ್ಷೆ ಗೊತ್ತಿರುತ್ತದೆ, ಯಾವ ಪ್ರಮೇಯ ಬರಬಹುದು ಎಂಬುದು ಗೊತ್ತಿರುತ್ತದೆ, ಪಾಸಾಗಲು ಬೇಕಾದಷ್ಟನ್ನೇ ಆರಿಸಿಕೊಟ್ಟ ಪಾಸಿಂಗ್ ಪ್ಯಾಕೇಜ್ ಇರುತ್ತದೆ, ಸರಣಿ ಪರೀಕ್ಷೆಗಳು, ವಿಶೇಷ ತರಗತಿಗಳು ಇರುತ್ತವೆ. ಇಡೀ ಶಾಲೆ ಒಂದು ತರಗತಿಯನ್ನು ಹೆಗಲ ಮೇಲೆ ಹೊತ್ತು ದಾಟಿಸುತ್ತದೆ. ಜೂನ್ ಬಂದೊಡನೆ ಆ ಹೆಗಲು ಇರುವುದಿಲ್ಲ. ಹಾಗೆ ಹೊರುವುದು ತಪ್ಪು ಎನ್ನುತ್ತಿಲ್ಲ. ಆದರೆ ತನ್ನಷ್ಟಕ್ಕೆ ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ಆ ವರ್ಷ ಬೆಳೆಯುವುದಿಲ್ಲ. ಮುಂದಿನ ವರ್ಷ ಬೇಕಾಗುವುದು ಅದೊಂದೇ.

ಪಾಠ ದಪ್ಪ ಎಂಬ ಕಾರಣಕ್ಕೆ ಒಂದು ವರ್ಷ ಕಷ್ಟವಾಗುವುದು ಕಡಿಮೆ. ಎರಡು ವ್ಯವಸ್ಥೆಗಳು ಕೂಡುವ ಸಂದಿನಲ್ಲಿ ಹಲವು ಸಂಗತಿ ಒಟ್ಟಿಗೆ ಬದಲಾದಾಗ ಕಷ್ಟವಾಗುತ್ತದೆ. ನಮ್ಮ ರಾಜ್ಯದಲ್ಲಿ ಅಂಥ ಸಂದುಗಳು ಮುಖ್ಯವಾಗಿ ಮೂರು. ಚಟುವಟಿಕೆಯಿಂದ ಕಲಿಸುವ ನಲಿಕಲಿ ಮುಗಿದು ಪಠ್ಯಪುಸ್ತಕದ ಪಾಠಕ್ಕೆ ಬರುವ ನಾಲ್ಕನೇ ತರಗತಿ. ಊರಿನ ಶಾಲೆ ಬಿಟ್ಟು ಹೈಸ್ಕೂಲು ಸೇರುವ ಎಂಟನೇ ತರಗತಿ. ಮತ್ತು ಫಸ್ಟ್ ಪಿಯುಸಿ. ಇವುಗಳಲ್ಲಿ ಕನ್ನಡ ಮಾಧ್ಯಮದಿಂದ ಸೈನ್ಸ್‌ಗೆ ಹೋಗುವ ಮಕ್ಕಳಿಗೆ ಪಿಯುಸಿಯಷ್ಟು ಒರಟಾದ ಸಂದು ಇನ್ನೊಂದಿಲ್ಲ. ಕಲಿಕೆಯ ಭಾಷೆ, ಪೋರ್ಷನ್ನಿನ ವೇಗ, ಗಣಿತದ ಮಟ್ಟ, ಊರು, ಗೆಳತಿಯರು, ದಿನದ ವೇಳೆ, ಆರೂ ಒಂದೇ ಜೂನ್‌ನಲ್ಲಿ ಬದಲಾಗುತ್ತವೆ. ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವ ಹೊಸ ಸಂಗತಿಗಳು ನಾಲ್ಕಾರು ಮಾತ್ರ. ವಾಕ್ಯದ ಅರ್ಥ ಬಿಡಿಸುವುದಕ್ಕೇ ಅದರಲ್ಲಿ ಮೂರು ಖರ್ಚಾದರೆ ಲೆಕ್ಕಕ್ಕೆ ಉಳಿಯುವುದೇನು?

ಭಾಷೆಯ ತೊಡಕು ಎಂದರೆ ಎಲ್ಲರೂ ಉದ್ದುದ್ದ ಪಾರಿಭಾಷಿಕ ಪದಗಳನ್ನು ತೋರಿಸುತ್ತಾರೆ. ಅದು ಅರ್ಧ ಸತ್ಯ. ‘ವೇಗೋತ್ಕರ್ಷ’ ಈಗ ‘ಆಕ್ಸಲರೇಷನ್’, ‘ಸಂವೇಗ’ ಈಗ ‘ಮೊಮೆಂಟಮ್’, ‘ಜಡತ್ವ’ ಈಗ ‘ಇನರ್ಶಿಯ’. ಇವು ನೂರಿನ್ನೂರು ಪದ. ಬೋರ್ಡಿನ ಮೇಲೆ ದಿನವೂ ಬೀಳುತ್ತವೆ, ದೀಪಾವಳಿ ಹೊತ್ತಿಗೆ ಬಾಯಿಗೆ ಕೂರುತ್ತವೆ. ಬಯಾಲಜಿಯ ಪದಗಳಂತೂ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಅಷ್ಟೇ ಹೊಸವು. ನಿಮ್ಮ ಮಗಳಿಗೆ ಅಲ್ಲೇ ಹೆಚ್ಚು ಅಂಕ ಬಂದಿರುವುದನ್ನು ಗಮನಿಸಿ.

ಕಾಲು ಎಡವುವುದು ಸಣ್ಣ ಪದಗಳಿಗೆ. ಒಂದು ಲೆಕ್ಕ ನೋಡಿ: ಗಂಟೆಗೆ 54 ಕಿ.ಮೀ. ವೇಗದ ಕಾರು 5 ಸೆಕೆಂಡಿನಲ್ಲಿ ‘ಈಸ್ ಬ್ರಾಟ್ ಟು ರೆಸ್ಟ್’. ‘ರೆಸ್ಟ್’ ಎಂದರೆ ವಿಶ್ರಾಂತಿ ಎಂದು ಕಲಿತ ಹುಡುಗಿಗೆ ಇಲ್ಲಿ ಅಂತಿಮ ವೇಗ ಸೊನ್ನೆ ಎಂದು ಹೇಳಿದ್ದಾರೆ ಎಂಬುದು ಹೊಳೆಯುವುದಿಲ್ಲ. ಅದು ಹೊಳೆದರೆ ಮುಂದಿನದು ಹತ್ತನೇ ತರಗತಿಯ ಹುಡುಗಿಗೂ ಸಾಧ್ಯ: 54 ಕಿ.ಮೀ. ಎಂದರೆ ಸೆಕೆಂಡಿಗೆ 15 ಮೀಟರ್, 5 ಸೆಕೆಂಡಿನಲ್ಲಿ ಸೊನ್ನೆಗೆ ಇಳಿದರೆ ವೇಗೋತ್ಕರ್ಷ ಋಣ 3, ಸಾಗಿದ ದೂರ 37.5 ಮೀಟರ್. ‘ಲೈಟ್ ಸ್ಟ್ರಿಂಗ್’ನ ‘ಲೈಟ್’ ಬೆಳಕಲ್ಲ, ದಾರದ ರಾಶಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂಬ ಸೂಚನೆ. ‘ಸ್ಮೂತ್ ಸರ್ಫೇಸ್’ ಎಂದರೆ ಘರ್ಷಣೆ ಇಲ್ಲ ಎಂದು. ‘ಇನ್ ಟರ್ಮ್ಸ್ ಆಫ್’, ‘ರೆಸ್ಪೆಕ್ಟಿವ್ಲಿ’, ‘ನೆಗ್ಲಿಜಿಬಲ್’, ‘ಅಟ್ ಲೀಸ್ಟ್’, ‘ಅಟ್ ಮೋಸ್ಟ್’, ‘ಹೆನ್ಸ್ ಷೋ ದಟ್’ ಇಂಥವನ್ನು ಯಾವ ಲಕ್ಚರರೂ ಬಿಡಿಸಿ ಹೇಳುವುದಿಲ್ಲ, ಯಾವ ಗೈಡಿನ ಪದಪಟ್ಟಿಯಲ್ಲೂ ಇರುವುದಿಲ್ಲ. ಎಲ್ಲರಿಗೂ ಗೊತ್ತು ಎಂಬ ನಂಬಿಕೆ.

ಹಾಗೆಂದು ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಿಸಬೇಡಿ. ಮಾತಾಡುವ ಭಾಷೆ, ಪಾಠದ ಭಾಷೆ ಎರಡೂ ಬೇರೆ. ಕೆನಡಾದ ಭಾಷಾಶಿಕ್ಷಣ ತಜ್ಞ ಜಿಮ್ ಕಮಿನ್ಸ್ ಈ ವ್ಯತ್ಯಾಸವನ್ನು ದಶಕಗಳ ಹಿಂದೆಯೇ ತೋರಿಸಿದ್ದಾರೆ. ಹೊಸ ಭಾಷೆಯ ಮಾತುಕತೆ ಎರಡು ವರ್ಷಗಳ ಆಸುಪಾಸಿನಲ್ಲಿ ಕೈಗೆ ಬರುತ್ತದೆ, ಪಾಠದ ಭಾಷೆಗೆ ಐದರಿಂದ ಏಳು ವರ್ಷ ಹಿಡಿಯುತ್ತದೆ. ಓದಿ ಗಾಬರಿಯಾಗಬೇಡಿ. ಒಂದು ಭಾಷೆಯಲ್ಲಿ ಅರ್ಥವಾದ ಪರಿಕಲ್ಪನೆ ಇನ್ನೊಂದಕ್ಕೆ ದಾಟುತ್ತದೆ ಎಂಬುದೂ ಅವರದೇ ಮಾತು. ಜಡತ್ವವನ್ನು ಕನ್ನಡದಲ್ಲಿ ಸರಿಯಾಗಿ ತಿಳಿದವಳು ‘ಇನರ್ಶಿಯ’ವನ್ನು ಮತ್ತೆ ಕಲಿಯಬೇಕಿಲ್ಲ, ಹೆಸರಷ್ಟೇ ಬದಲಿಸಬೇಕು. ಕನ್ನಡ ಮೀಡಿಯಂನವರಿಗೆ ಸೈನ್ಸ್ ಆಗಿಬರುವುದಿಲ್ಲ ಎಂಬ ಮಾತು ಬಿದ್ದುಹೋಗುವುದು ಇಲ್ಲಿ.

ಎರಡನೆಯ ಕಾರಣ ಯಾರೂ ಪೋಷಕರಿಗೆ ಹೇಳುವುದಿಲ್ಲ. ಫಸ್ಟ್ ಪಿಯುಸಿಯಲ್ಲಿ ಫಿಸಿಕ್ಸ್ ಪುಸ್ತಕ ಮ್ಯಾಥ್ಸ್ ಪುಸ್ತಕಕ್ಕಿಂತ ಮುಂದೆ ಓಡುತ್ತದೆ. ಫಿಸಿಕ್ಸ್‌ನ ಎರಡನೇ ಅಧ್ಯಾಯ, ಸರಳರೇಖೆಯ ಚಲನೆಯಲ್ಲೇ, ‘ಡಿಎಕ್ಸ್ ಬೈ ಡಿಟಿ’ ಬಂದುಬಿಡುತ್ತದೆ. ಅದನ್ನು ಕಲಿಸುವ ‘ಲಿಮಿಟ್ಸ್ ಅಂಡ್ ಡೆರಿವೇಟಿವ್ಸ್’ ಮ್ಯಾಥ್ಸ್‌ನ 14 ಅಧ್ಯಾಯಗಳಲ್ಲಿ 12ನೆಯದು. ಮೂರನೇ ಅಧ್ಯಾಯಕ್ಕೆ ವೆಕ್ಟರ್ ಬೇಕು. ಮ್ಯಾಥ್ಸ್‌ನಲ್ಲಿ ವೆಕ್ಟರ್ ಬರುವುದು ಸೆಕೆಂಡ್ ಪಿಯುಸಿಗೆ. ಇಂಟಿಗ್ರೇಷನ್ ಕೂಡ ಅಲ್ಲೇ. ಕೆಮಿಸ್ಟ್ರಿಯಲ್ಲಿ ಪಿಎಚ್ ಲೆಕ್ಕಕ್ಕೆ ಲಾಗರಿದಮ್ ಬೇಕು, ಫಸ್ಟ್ ಪಿಯು ಮ್ಯಾಥ್ಸ್ ಪುಸ್ತಕದಲ್ಲಿ ಅದಕ್ಕೆ ಒಂದು ಅಧ್ಯಾಯವೇ ಇಲ್ಲ. ಲಕ್ಚರರುಗಳು ಒಂದೆರಡು ಪೀರಿಯಡ್‌ನಲ್ಲಿ ‘ಇಷ್ಟು ಮಾತ್ರ ನೆನಪಿಟ್ಟುಕೊಳ್ಳಿ’ ಎಂದು ದಾಟಿಸುತ್ತಾರೆ. ಆ ಎರಡು ದಿನ ಹುಡುಗಿಗೆ ಜ್ವರ ಬಂದಿದ್ದರೆ, ಅಥವಾ ಹಿಂದಿನ ಬೆಂಚಿನಲ್ಲಿ ಕೇಳಿಸದೆ ಹೋಗಿದ್ದರೆ, ಮುಂದಿನ ಎರಡು ತಿಂಗಳು ಕತ್ತಲು.

ಮ್ಯಾಥ್ಸ್‌ನೊಳಗೂ ಹಾಗೇ ಒಂದು ಜಿಗಿತ ಇದೆ. ಹತ್ತನೆಯಲ್ಲಿ ‘ಸೈನ್’ ಎಂದರೆ ಲಂಬಕೋನ ತ್ರಿಭುಜದ ಎದುರು ಬಾಹುವನ್ನು ವಿಕರ್ಣದಿಂದ ಭಾಗಿಸಿದ್ದು. ಕೋನ 90 ಡಿಗ್ರಿಯೊಳಗೆ. ಮೂರನೇ ಅಧ್ಯಾಯಕ್ಕೆ ಬಂದರೆ ‘ಸೈನ್ 150’ ಎಷ್ಟು ಎಂದು ಕೇಳುತ್ತಾರೆ. ಲಂಬಕೋನ ತ್ರಿಭುಜದಲ್ಲಿ 150 ಡಿಗ್ರಿಯ ಕೋನ ಎಲ್ಲಿಂದ ಬರಬೇಕು? ಜಾಣೆಗೇ ಹೆಚ್ಚು ಗೊಂದಲ, ಏಕೆಂದರೆ ಹಳೆಯ ವ್ಯಾಖ್ಯಾನವನ್ನು ಅವಳು ನಂಬಿ ಕಲಿತಿದ್ದಾಳೆ. ಇಲ್ಲಿ ತ್ರಿಭುಜ ಬಿಟ್ಟು ವೃತ್ತಕ್ಕೆ ಬರಬೇಕು. ಒಂದು ಮಾನ ತ್ರಿಜ್ಯದ ವೃತ್ತ ಎಳೆದು, 150 ಡಿಗ್ರಿ ತಿರುಗಿದ ಮೇಲೆ ನಿಂತ ಬಿಂದು ಎಷ್ಟು ಎತ್ತರದಲ್ಲಿದೆ ಎಂದು ನೋಡಿದರೆ ಅರ್ಧ. ಅದೇ ಸೈನ್. ಬಿಂದು ಎಡಕ್ಕೆ ಹೋಗಿರುವುದರಿಂದ ‘ಕಾಸ್’ ಋಣವಾಗುತ್ತದೆ. ಗ್ರಾಫ್ ಹಾಳೆಯ ಮೇಲೆ ಕಂಪಾಸು, ಕೋನಮಾಪಕ ಹಿಡಿದು 30, 60, 120, 150, 210 ಡಿಗ್ರಿ ಗುರುತಿಸಿ ಎತ್ತರ ಅಳೆದರೆ ಮುಕ್ಕಾಲು ಗಂಟೆಯ ಕೆಲಸ. ಸೂತ್ರಪಟ್ಟಿ ಉರುಹೊಡೆಯುವ ಎರಡು ವಾರ ಉಳಿಯುತ್ತದೆ.

ಮೂರನೆಯದು ವೇಳೆ. ನಿಮ್ಮ ಮನೆಯ ಲೆಕ್ಕವನ್ನೇ ಹಾಕೋಣ. ದಿನದ 24 ಗಂಟೆಯಲ್ಲಿ ಕಾಲೇಜು, ಬಸ್ಸು 11. ಈ ವಯಸ್ಸಿಗೆ ನಿದ್ದೆ ಕನಿಷ್ಠ 8. ಸ್ನಾನ, ಊಟ, ಮನೆಗೆಲಸ 2. ಉಳಿದದ್ದು 3. ಈಗ ಅವಳು 12ರವರೆಗೆ ಕೂತು ನಿದ್ದೆಯನ್ನು ಐದಾರು ಗಂಟೆಗೆ ಇಳಿಸಿದ್ದಾಳೆ. ಬೆಳಿಗ್ಗೆ ಮೊದಲೆರಡು ಪೀರಿಯಡ್ ಕಣ್ಣು ಎಳೆಯುತ್ತಿರುತ್ತದೆ. ಆ ಪೀರಿಯಡ್ ಮ್ಯಾಥ್ಸ್ ಅಥವಾ ಫಿಸಿಕ್ಸ್ ಆದರೆ ರಾತ್ರಿಯ ಗಳಿಕೆ ಬೆಳಿಗ್ಗೆ ಹೋಯಿತು. ಹದಿಹರೆಯದಲ್ಲಿ ನಿದ್ದೆಯ ಗಡಿಯಾರವೇ ಒಂದೆರಡು ಗಂಟೆ ತಡವಾಗುತ್ತದೆ, ಹಾಗಾಗಿ ‘ಬೇಗ ಮಲಗಿ ನಾಲ್ಕಕ್ಕೆ ಏಳು’ ಎಂಬ ಹಿರಿಯರ ಉಪಾಯ ಎಲ್ಲರಿಗೂ ಒಗ್ಗದು. 10.15ಕ್ಕೆ ಮಲಗಿ 6.15ಕ್ಕೆ ಏಳಲಿ.

ಟ್ಯೂಷನ್ನಿನ ಪ್ರಶ್ನೆಗೆ ಉತ್ತರವೂ ಈ ಮೂರು ಗಂಟೆಯಲ್ಲೇ ಇದೆ. ತಾಲ್ಲೂಕಿನಲ್ಲಿ ಸಂಜೆ ಟ್ಯೂಷನ್ ಮುಗಿಸಿ ಬಂದರೆ ಒಂದೂವರೆ ಗಂಟೆ ಹೋಯಿತು, ಕತ್ತಲ ಬಸ್ಸಿನ ತಲೆನೋವು ಬೇರೆ. ದಿನಕ್ಕೆ ಆರು ಗಂಟೆ ಕೇಳಿ ಅರ್ಥವಾಗದವಳಿಗೆ ಇನ್ನೊಂದೂವರೆ ಗಂಟೆ ಕೇಳಿಸುವುದರಿಂದ ಲಾಭ ಕಡಿಮೆ. ಅವಳಿಗೆ ಕೊರತೆ ಇರುವುದು ಕೇಳುವುದರಲ್ಲಲ್ಲ, ತಾನೇ ಕೂತು ಬಿಡಿಸುವುದರಲ್ಲಿ. ವಾರಕ್ಕೊಮ್ಮೆ, ಭಾನುವಾರ, ಸಿಕ್ಕಿಬಿದ್ದ ಲೆಕ್ಕಗಳನ್ನಷ್ಟೇ ಕನ್ನಡದಲ್ಲಿ ಬಿಡಿಸಿಕೊಡುವವರು ಸಿಕ್ಕರೆ ಅದು ಬೇರೆ ಮಾತು. ಅಂಥವರಿಗೆ ಹಣ ಕೊಡಿ. ಡಿಗ್ರಿ ಓದುತ್ತಿರುವ ಊರಿನ ಹುಡುಗಿಯೂ ಆಗಬಹುದು.

‘ಫಸ್ಟ್ ಪಿಯು ಅಂಕ ಎಲ್ಲೂ ಲೆಕ್ಕಕ್ಕಿಲ್ಲ, ಹೇಗೋ ಪಾಸಾದರೆ ಸಾಕು’ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬೇಕು. ಅಂಕಪಟ್ಟಿಯ ಮಟ್ಟಿಗೆ ನಿಜ. ಆದರೆ ಸಿಇಟಿ, ನೀಟ್ ಎರಡರಲ್ಲೂ ಫಸ್ಟ್ ಪಿಯು ಪಾಠಗಳಿಂದ ಪ್ರಶ್ನೆಗಳು ಬರುತ್ತವೆ. ಸೆಕೆಂಡ್ ಪಿಯು ಕೆಮಿಸ್ಟ್ರಿಯ 10 ಅಧ್ಯಾಯಗಳಲ್ಲಿ 5 ಸಾವಯವದವು, ಅವುಗಳ ಬುಡ ಇರುವುದು ಫಸ್ಟ್ ಪಿಯುನಲ್ಲಿ. ಈ ವರ್ಷ ಬಿಟ್ಟದ್ದು ಮುಂದಿನ ವರ್ಷ ಬಡ್ಡಿ ಸಮೇತ ಬರುತ್ತದೆ.

ಈಗ ಕೆಲಸ. ಈ ಭಾನುವಾರ ಎರಡು ಪರೀಕ್ಷೆ ಮಾಡಿ, ನಿಮಗೆ ಫಿಸಿಕ್ಸ್ ಬರಬೇಕಿಲ್ಲ. ಮೊದಲನೆಯದಕ್ಕೆ 20 ನಿಮಿಷ, ಹತ್ತು ಲೆಕ್ಕ. ಉತ್ತರ ಕಂಸದಲ್ಲಿದೆ, ಅವಳಿಗೆ ತೋರಿಸಬೇಡಿ.

3/4 + 5/6 (19/12). 54 ಕಿ.ಮೀ./ಗಂಟೆಯನ್ನು ಮೀಟರ್/ಸೆಕೆಂಡಿಗೆ (15). 0.00045 ಅನ್ನು ಹತ್ತರ ಘಾತದಲ್ಲಿ (4.5 × 10⁻⁴). 2³ × 2⁻⁵ (1/4). 72ರ ವರ್ಗಮೂಲದ ಸರಳರೂಪ (6√2). ಎಕ್ಸ್² − 5ಎಕ್ಸ್ + 6 = 0 (2, 3). (2ಎಕ್ಸ್ − 3)² ವಿಸ್ತರಣೆ (4ಎಕ್ಸ್² − 12ಎಕ್ಸ್ + 9). ‘ವಿ = ಯು + ಎಟಿ’ಯಲ್ಲಿ ‘ಟಿ’ ಒಂದೇ ಒಂದು ಕಡೆಗೆ ಬರಲಿ (ವಿ ಕಳೆ ಯು, ಭಾಗಿಸು ಎ). 1/ಎಫ್ = 1/20 + 1/30 ಆದರೆ ಎಫ್ (12). ಸೈನ್ 30 ಮತ್ತು ಕಾಸ್ 60 (ಎರಡೂ 1/2).

ಇವೆಲ್ಲ ಹತ್ತನೇ ತರಗತಿಯೊಳಗಿನವು. ಎಂಟು ಅಥವಾ ಹೆಚ್ಚು ಸರಿಯಿದ್ದರೆ ಬೀಜಗಣಿತದ ಕೈ ಗಟ್ಟಿಯಿದೆ. ಐದರಿಂದ ಏಳಾದರೆ ಮೂರು ವಾರ ದಿನಕ್ಕೆ 20 ನಿಮಿಷ ಇಂಥವನ್ನೇ ಮಾಡಿಸಬೇಕು. ಐದಕ್ಕಿಂತ ಕಡಿಮೆಯಾದರೆ ತೊಂದರೆಯ ಬುಡ ಪಿಯುಸಿಯಲ್ಲಿಲ್ಲ, ಎಂಟನೇ–ಒಂಬತ್ತನೇ ತರಗತಿಯಲ್ಲಿದೆ. ಅಲ್ಲಿಂದಲೇ ಶುರುಮಾಡಬೇಕು.

ಎರಡನೆಯದಕ್ಕೆ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಬೇಕು. ಸೋತ ಒಂದೊಂದು ಪ್ರಶ್ನೆಯನ್ನೂ ನೀವು ಅಥವಾ ಗೊತ್ತಿದ್ದವರು ಕನ್ನಡದಲ್ಲಿ ಓದಿ ಹೇಳಿ, ಮತ್ತೆ ಮಾಡಲು ಬಿಡಿ. ಕನ್ನಡದಲ್ಲಿ ಕೇಳಿದೊಡನೆ ಬಂದರೆ ಪ್ರಶ್ನೆಯ ಪಕ್ಕ ‘ಭಾ’. ದಾರಿ ಸರಿಯಿದ್ದು ಲೆಕ್ಕದಲ್ಲಿ ಎಡವಿದರೆ ‘ಗ’. ಕನ್ನಡದಲ್ಲೂ ತಿಳಿಯದಿದ್ದರೆ ‘ವಿ’, ಅಂದರೆ ವಿಷಯವೇ ಅರ್ಥವಾಗಿಲ್ಲ. ಗೊತ್ತಿದ್ದೂ ಸಮಯ ಸಾಲದೆ ಬಿಟ್ಟಿದ್ದರೆ ‘ಸ’. ಆಮೇಲೆ ಪ್ರತಿ ಅಕ್ಷರಕ್ಕೆ ಹೋದ ಅಂಕ ಕೂಡಿಸಿ. ಮ್ಯಾಥ್ಸ್‌ನಲ್ಲಿ ಹೋದ 32, ಫಿಸಿಕ್ಸ್‌ನ 30, ಕೆಮಿಸ್ಟ್ರಿಯ 27, ಈ 89 ಅಂಕ ಯಾವ ಅಕ್ಷರದ ಕೆಳಗೆ ರಾಶಿ ಬಿದ್ದಿದೆ ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ. ‘ಭಾ’ ಮತ್ತು ‘ಗ’ ಹೆಚ್ಚಿದ್ದರೆ ಆರೇಳು ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಸರಿಹೋಗುತ್ತದೆ. ‘ವಿ’ ಹೆಚ್ಚಿದ್ದರೆ ನಿಧಾನ.

ದಿನದ ಮೂರು ಗಂಟೆ ಹೀಗೆ. ಮೊದಲ 50 ನಿಮಿಷ ಮ್ಯಾಥ್ಸ್, ದಿನವೂ, ತಪ್ಪದೆ. ಪಠ್ಯಪುಸ್ತಕದಲ್ಲಿ ಬಿಡಿಸಿ ಕೊಟ್ಟ ಉದಾಹರಣೆಯ ಪ್ರಶ್ನೆಯನ್ನಷ್ಟೇ ಓದಿ, ಉತ್ತರವನ್ನು ಹಾಳೆಯಿಂದ ಮುಚ್ಚಿ, ತಾನೇ ಬಿಡಿಸುವುದು. ಸಿಕ್ಕಿಬಿದ್ದರೆ ಒಂದೇ ಸಾಲು ತೆರೆದು ನೋಡಿ ಮತ್ತೆ ಮುಚ್ಚುವುದು. ದಿನಕ್ಕೆ ಐದು ಸಾಕು. 15 ನಿಮಿಷದಲ್ಲಿ ಬಾರದ್ದನ್ನು ಗುರುತು ಹಾಕಿ ಬಿಡುವುದು, ಮರುದಿನ ಲಕ್ಚರರ ಹತ್ತಿರ ಒಯ್ಯುವುದು. ಮುಂದಿನ 50 ನಿಮಿಷ ಫಿಸಿಕ್ಸ್, ಕೆಮಿಸ್ಟ್ರಿ ದಿನ ಬಿಟ್ಟು ದಿನ. ಕೆಮಿಸ್ಟ್ರಿಯಲ್ಲಿ ಹಿಂದೆ ಹೋಗಿ ಮೋಲ್ ಲೆಕ್ಕ ಗಟ್ಟಿ ಮಾಡಲಿ. 36 ಗ್ರಾಂ ನೀರು ಎಂದರೆ 2 ಮೋಲ್ ಎಂದು ಕಣ್ಣುಮುಚ್ಚಿ ಹೇಳುವ ಮಟ್ಟಕ್ಕೆ ಬಾರದೆ ಮುಂದಿನ ಯಾವ ಲೆಕ್ಕವೂ ಕೂರುವುದಿಲ್ಲ. ಫಿಸಿಕ್ಸ್‌ಗೆ ಸಾಲ ತರಬೇಕಾದ ಗಣಿತ ಸ್ವಲ್ಪವೇ: ಗ್ರಾಫಿನ ಇಳಿಜಾರು, ‘ಎಕ್ಸ್’ನ ಘಾತಗಳ ಡಿಫರೆನ್ಷಿಯೇಷನ್, ವೆಕ್ಟರನ್ನು ಎರಡು ದಿಕ್ಕಿಗೆ ಒಡೆಯುವುದು. 10 ನ್ಯೂಟನ್ ಬಲ 30 ಡಿಗ್ರಿ ಮೇಲಕ್ಕೆ ಎಳೆದರೆ ಅಡ್ಡಕ್ಕೆ 8.66, ಮೇಲಕ್ಕೆ 5. ಈ ಮೂರನ್ನು ಮ್ಯಾಥ್ಸ್ ಲಕ್ಚರರು ಅವಳಿಗೆ ಎರಡು ಬಿಡುವಿನ ಪೀರಿಯಡ್‌ನಲ್ಲಿ ಹೇಳಿಕೊಡಬಲ್ಲರು. ಕೇಳಬೇಕು, ಅಷ್ಟೇ.

ಉಳಿದ ಹೊತ್ತಿನಲ್ಲಿ 30 ನಿಮಿಷ ನಾಳೆಯ ಪಾಠವನ್ನು ಮುಂಚಿತವಾಗಿ ಓದುವುದು. ಅರ್ಥವಾಗಲೆಂದಲ್ಲ, ಪದ ಹುಡುಕಲೆಂದು. ಒಂದು ನೂರು ಪುಟದ ನೋಟ್‌ಬುಕ್, ಮೂರು ಕಾಲಂ. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಹಳೆಯ ಕನ್ನಡ ಪಠ್ಯದ ಪದ, ಮೂರನೆಯದರಲ್ಲಿ ‘ಲೆಕ್ಕದಲ್ಲಿ ಇದು ಬಂದರೆ ನಾನೇನು ಮಾಡಬೇಕು’. ‘ಸ್ಟಾರ್ಟ್ಸ್ ಫ್ರಮ್ ರೆಸ್ಟ್’, ನಿಶ್ಚಲ ಸ್ಥಿತಿಯಿಂದ, ‘ಯು’ ಸೊನ್ನೆ ಎಂದು ಬರೆ. ಬೆಲೆ ಇರುವುದು ಈ ಮೂರನೆಯ ಕಾಲಂಗೆ. ದಿನಕ್ಕೆ ಎಂಟು ಪದ, ವಾರಕ್ಕೆ ಐದು ದಿನ, ಹತ್ತು ವಾರಕ್ಕೆ ನಾನೂರು. ಎಂಟಕ್ಕಿಂತ ಹೆಚ್ಚು ಬರೆಯಲು ಹೋದರೆ ಎರಡನೇ ವಾರಕ್ಕೆ ನೋಟ್‌ಬುಕ್ ಮೂಲೆ ಸೇರುತ್ತದೆ. ಶಾಲೆಯ ಒಂಬತ್ತು, ಹತ್ತನೆಯ ವಿಜ್ಞಾನ ಪುಸ್ತಕಗಳನ್ನು ತೂಕಕ್ಕೆ ಹಾಕಿಬಿಟ್ಟಿದ್ದರೆ ಯಾರಿಂದಲಾದರೂ ಮರಳಿ ತನ್ನಿ, ಅವೇ ಅವಳ ಡಿಕ್ಷನರಿ. ಬಯಾಲಜಿಗೆ ಬಸ್ಸಿನ ಹೊತ್ತು ಮತ್ತು ಶನಿವಾರ ಸಾಕು. ಕೂರಲು ಸೀಟು ಸಿಕ್ಕಿದ ದಿನ.

ಕಾಲೇಜಿಗೆ ಹೋದಾಗ ‘ಹೇಗಿದ್ದಾಳೆ ಸರ್’ ಎಂದು ಕೇಳಿದರೆ ‘ಇನ್ನೂ ಓದಬೇಕು’ ಎಂಬ ಉತ್ತರವೇ ಬರುತ್ತದೆ. ಬದಲಿಗೆ ಅಕ್ಷರ ಹಾಕಿದ ಉತ್ತರಪತ್ರಿಕೆ ತೋರಿಸಿ ಮೂರನ್ನು ಕೇಳಿ: ಇವಳ ಹಾಗೆ ಕನ್ನಡ ಮಾಧ್ಯಮದಿಂದ ಬಂದವರು ತರಗತಿಯಲ್ಲಿ ಎಷ್ಟು ಜನ, ಅವರಿಗೆ ಬ್ರಿಡ್ಜ್ ಕೋರ್ಸ್ (ಹಿಂದಿನ ಕೊರತೆ ತುಂಬುವ ತರಗತಿ) ಏನಾದರೂ ಇದೆಯೆ, ನಾಳೆಯ ಪಾಠ ಯಾವುದೆಂದು ಹಿಂದಿನ ದಿನವೇ ಹೇಳುವಿರಾ. ಮುಂದಿನ ಬೆಂಚನ್ನೂ ಕೇಳಿ, ನಾಚಿಕೆ ಬೇಡ.

ಇಷ್ಟು ಮಾಡಿ ಮಧ್ಯವಾರ್ಷಿಕ ಪರೀಕ್ಷೆಯವರೆಗೆ ನೋಡುವುದು ಮೊದಲ ಆಯ್ಕೆ, ನನ್ನ ಒಲವೂ ಅದೇ. ಅದರ ಅಪಾಯ ಒಂದು. ವಿಭಾಗ ಬದಲಿಸುವ ಗಡುವು ಅದಕ್ಕೂ ಮೊದಲೇ ಮುಗಿದರೆ, ಆಮೇಲೆ ಬದಲಿಸಲು ಒಂದು ವರ್ಷ ಹೋಗುತ್ತದೆ. ಹಾಗಾಗಿಯೇ ಭಾನುವಾರದ ಪರೀಕ್ಷೆಯನ್ನು ಮುಂದೂಡಬೇಡಿ. ಬೀಜಗಣಿತದಲ್ಲಿ ಐದಕ್ಕಿಂತ ಕಡಿಮೆ, ಜೊತೆಗೆ ‘ವಿ’ ರಾಶಿ ದೊಡ್ಡದು, ಅವಳಿಗೂ ವಿಷಯದ ಮೇಲೆ ಆಸೆ ಇಲ್ಲ, ಈ ಮೂರೂ ಕೂಡಿದ್ದರೆ ಮಾತ್ರ ಗಡುವಿನೊಳಗೆ ಬದಲಿಸುವ ಮಾತು ಆಡಿ.

ಸೈನ್ಸ್‌ನೊಳಗೇ ಕಾಂಬಿನೇಷನ್ ಹಗುರ ಮಾಡಬಹುದು, ಕಾಲೇಜಿನಲ್ಲಿ ಆ ಕಾಂಬಿನೇಷನ್ ಇದ್ದರೆ. ಮ್ಯಾಥ್ಸ್ ಬಿಟ್ಟರೆ ಎಂಜಿನಿಯರಿಂಗ್ ಬಾಗಿಲು ಮುಚ್ಚುತ್ತದೆ. ಬಯಾಲಜಿ ಬಿಟ್ಟರೆ ಮೆಡಿಕಲ್, ಬಿಎಸ್ಸಿ ನರ್ಸಿಂಗ್, ಪಶುವೈದ್ಯ ಕಡೆಯ ದಾರಿ ಹೋಗುತ್ತದೆ. ನಿಮ್ಮ ಮಗಳ ವಿಷಯದಲ್ಲಿ ತಮಾಷೆ ಏನೆಂದರೆ ಬಿಡಬಹುದಾದ ಬಯಾಲಜಿಯೇ ಅವಳನ್ನು ಎತ್ತಿ ಹಿಡಿದಿರುವುದು. ಆತುರದಲ್ಲಿ ಕತ್ತರಿ ಹಾಕಬೇಡಿ.

ಆರ್ಟ್ಸ್ ಅಥವಾ ಕಾಮರ್ಸ್‌ಗೆ ಹೋಗುವುದು ಸೋಲಲ್ಲ. ಕನ್ನಡದಲ್ಲೇ ಬರೆಯಬಹುದು, ಭಾಷೆಯಲ್ಲಿ ಇಷ್ಟು ಗಟ್ಟಿ ಇರುವ ಹುಡುಗಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಸೇರಿದ ಎಚ್‌ಇಪಿಎಸ್‌ನಲ್ಲಿ ಮಿಂಚಲೂಬಹುದು. ಆದರೆ ಅವಳು ಒಲಿದು ಹೋಗಬೇಕು. ಒಂದು ಕಿರುಪರೀಕ್ಷೆಗೆ ಹೆದರಿ ಕಳಿಸಿದರೆ ‘ನನ್ನ ಕೈಲಾಗಲಿಲ್ಲ’ ಎಂಬ ಮಾತನ್ನು ಹೊತ್ತುಕೊಂಡೇ ಹೋಗುತ್ತಾಳೆ. ಮೂರು ವರ್ಷದ ಡಿಪ್ಲೊಮಾ ಇನ್ನೊಂದು ದಾರಿ. ಮುಗಿಸಿದ ಮೇಲೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗ್ ಸೇರಬಹುದು. ಪ್ರವೇಶ ಮುಂದಿನ ವರ್ಷವೇ ಆಗುವುದರಿಂದ ಒಂದು ವರ್ಷದ ಲೆಕ್ಕ ಇಲ್ಲೂ ಇದೆ. ಊರು ಬಿಟ್ಟು ವಸತಿ ಕೋಚಿಂಗ್ ಕಾಲೇಜಿಗೆ ಸೇರಿಸುವ ಯೋಚನೆ ಬಂದರೆ ನನ್ನ ಮಾತು ಬೇಡ ಎಂದೇ. ಅಲ್ಲಿ ಪೋರ್ಷನ್ ಇನ್ನೂ ವೇಗವಾಗಿ ಓಡುತ್ತದೆ, ಅವಳ ತೊಂದರೆ ಇರುವುದೇ ವೇಗದಲ್ಲಿ.

ಸೈನ್ಸ್‌ನಲ್ಲೇ ಉಳಿದರೆ ಒಂದು ಅನುಕೂಲ ಅವಳ ಕೈಯಲ್ಲಿದೆ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗಿನ ಓದು ಲೆಕ್ಕ. ಮುಖ್ಯೋಪಾಧ್ಯಾಯರ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಕೊನೆಯ ವಾರದ ನೂಕುನುಗ್ಗಲಿಗೆ ಕಾಯದೆ ಶಾಲೆಯ ದಾಖಲೆಗಳಲ್ಲಿ ಹೆಸರು, ವರ್ಷ ಸರಿ ಇದೆಯೇ ಎಂದು ಈಗಲೇ ನೋಡಿಡಿ. ನೀಟ್ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ಆರಿಸಿಕೊಳ್ಳಬಹುದು. ಜೊತೆಗೆ ಇಂಗ್ಲಿಷ್ ರೂಪವೂ ಇರುತ್ತದೆ, ಗೊಂದಲ ಬಂದರೆ ಇಂಗ್ಲಿಷ್ ರೂಪವೇ ಅಂತಿಮ.

ಅಂಕಕ್ಕಿಂತ ಮೊದಲು ನೋಡಬೇಕಾದದ್ದೂ ಇದೆ. ಎರಡು ವಾರಕ್ಕೂ ಮೀರಿ ಊಟ ಸೇರದಿರುವುದು, ಮಲಗಿದರೂ ನಿದ್ದೆ ಬಾರದಿರುವುದು, ಕಾಲೇಜಿನ ಬೆಳಿಗ್ಗೆಯೇ ಹೊಟ್ಟೆನೋವು, ಗೆಳತಿಯರ ಜೊತೆ ಮಾತು ನಿಲ್ಲಿಸುವುದು ಕಂಡರೆ ಓದಿನ ಮಾತು ಬದಿಗಿಡಿ. ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಒಂದು ಮಾತು ಬಂದರೂ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನೀವೂ ಮಾತಾಡಬಹುದು, ಅವಳೂ ಮಾತಾಡಬಹುದು.

ಇನ್ನು ಚಿಕ್ಕ ಮಗ. ಅವನ ಸಂದು ಮುಂದಿನ ಜೂನ್. ಎಂಟನೆಯಲ್ಲಿ ಶಾಲೆ ಬದಲಾಗುತ್ತದೆ, ವಿಷಯಕ್ಕೊಬ್ಬ ಮೇಷ್ಟ್ರು ಬರುತ್ತಾರೆ, ಗಣಿತದಲ್ಲಿ ಅಂಕಿಗಿಂತ ಅಕ್ಷರಗಳ ಕಾರುಬಾರು ಹೆಚ್ಚುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮೂರು ನೋಡಿ: ಭಿನ್ನರಾಶಿಗಳನ್ನು ಕೂಡಿ ಭಾಗಿಸಬಲ್ಲನೇ, ಋಣಸಂಖ್ಯೆಗಳಲ್ಲಿ ಚಿಹ್ನೆ ತಪ್ಪುತ್ತಾನೆಯೇ, ‘ಒಂದು ಸಂಖ್ಯೆಯ ಮೂರರಷ್ಟಕ್ಕೆ 5 ಕೂಡಿದರೆ 26’ ಎಂಬುದನ್ನು ಸಮೀಕರಣವಾಗಿ ಬರೆದು 7 ಎಂದು ತರುತ್ತಾನೆಯೇ. ವಿಜ್ಞಾನದ ಪುಸ್ತಕದಲ್ಲಿ ಓದದ ಒಂದು ಪುಟ ಕೊಟ್ಟು, ಓದಿ ಮುಚ್ಚಿ, ಏನಿತ್ತು ಹೇಳು ಎನ್ನಿ. ಹೇಳಿದರೆ ಸರಿ. ಹೇಳಲಾಗದಿದ್ದರೆ ರಜೆಯಲ್ಲಿ ದಿನಕ್ಕೊಂದು ಪುಟ, ಅಕ್ಕನೇ ಕೇಳಲಿ. ಆ ಹದಿನೈದು ನಿಮಿಷ ಅವಳ ಮೂರು ಗಂಟೆಯಿಂದ ಬೇಡ, ಟಿವಿಯ ಹೊತ್ತಿನಿಂದ ತೆಗೆಯಿರಿ.